ಆರೋಪಿ ನಂಬರ್ ಒಂದು

ಓದುವ ದಿನಗಳಲ್ಲಿ ನಾನು ಯಾವ ತರಗತಿಯಲ್ಲಿಯೂ ಮೊದಲನೆಯವನಾಗಿ ಬಂದವನಲ್ಲ. ಎಂ.ಎ.ಯಲ್ಲಿ ಕೂಡ ನನ್ನ ಹೆಸರು ಪಟ್ಟಿಯ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ, ಸುಖವಾಗಿ ಕುಳಿತಿತ್ತು. ಅಂಥ ನನಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ, 2016ರ ಜೂನ್ ತಿಂಗಳಲ್ಲಿ, ಸರಕಾರವೇ ಮುಂದಾಗಿ ಮೊದಲನೆಯ ಸ್ಥಾನವನ್ನು ಕೊಟ್ಟಿತು. ಪೊಲೀಸ್ ಠಾಣೆಯ ಕಾಗದದಲ್ಲಿ ನನ್ನ ಹೆಸರಿನ ಹಿಂದೆ ‘ಎ ಒಂದು’ ಎಂದು ಬರೆದಿತ್ತು. ಎಂದರೆ ಆರೋಪಿ ನಂಬರ್ ಒಂದು. ಹಾಗಾದರೆ ಎರಡನೆಯ ನಂಬರಿನವರು ಯಾರು ಎಂದು ಕೇಳಿದೆ. ಹೆಡ್ ಕಾನ್‌ಸ್ಟೇಬಲ್ಲರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಒಬ್ರೇ ಇದ್ರೂ ಒಂದನೇ ನಂಬರೇ ಹಾಕೋದು ಮೇಷ್ಟ್ರೇ” ಎಂದರು.

ನಡೆದದ್ದು ಇಷ್ಟು. ಅಂದು ಸಂಜೆ ಸಣ್ಣಗೆ ಮಳೆ ಹನಿಯುತ್ತಿತ್ತು. ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆ. ಒಬ್ಬ ಹುಡುಗ ತನ್ನ ಉತ್ತರದಲ್ಲಿ, ಪಂಪನು ಹಂಪೆಯ ಬಳಿ ಹರಿಯುತ್ತಾನೆ ಎಂದು ಬರೆದಿದ್ದ. ಅವನಿಗೆ ಎಷ್ಟು ಅಂಕ ಕೊಡಬೇಕಿತ್ತು, ಸೊನ್ನೆ ಕೊಟ್ಟದ್ದು ಸರಿಯೇ, ಆ ಮಾತಿನಲ್ಲಿ ಒಂದು ಬಗೆಯ ಕಾವ್ಯ ಇಲ್ಲದೆ ಇಲ್ಲವಲ್ಲ ಎಂದು ನನ್ನಷ್ಟಕ್ಕೆ ನಗುತ್ತ ಬರುತ್ತಿದ್ದಾಗ, ಎಡಗಡೆಯ ಓಣಿಯಿಂದ ಎರಡು ಹಾಲಿನ ಕ್ಯಾನು ತೂಗುಹಾಕಿದ್ದ ಒಂದು ಸೈಕಲ್ಲು ಹೊರಗೆ ಬಂತು. ನಾನು ಅದಕ್ಕೆ ಹೊಡೆದೆನೋ, ಅದು ನನಗೆ ಹೊಡೆಯಿತೋ, ದೇವರೇ ಬಲ್ಲ. ಇಬ್ಬರೂ ಬಿದ್ದೆವು. ನನಗೆ ಮೊಣಕೈ ತರಚಿತು. ಹಾಲಿನವನ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಹಾಲೆಲ್ಲ ಮಳೆಯ ನೀರಿನೊಡನೆ ಚರಂಡಿಗೆ ಹರಿಯಿತು.

ಆಸ್ಪತ್ರೆಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ, ಖರ್ಚನ್ನೂ ಕೊಟ್ಟೆ. ಅವನು ನೋವಿನಲ್ಲಿಯೂ, “ನಿಮ್ದೇನು ತಪ್ಪಿಲ್ಲ ಬುಡಿ ಮೇಷ್ಟ್ರೇ, ಗ್ರಾಚಾರ” ಎಂದ. ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಆದರೆ ರಸ್ತೆಯಲ್ಲಿ ಒಬ್ಬರಿಗೆ ಮೂಳೆ ಮುರಿದರೆ ಅದು ಬಿದ್ದವರಿಬ್ಬರ ನಡುವಿನ ಸಂಗತಿಯಲ್ಲ. ಆಸ್ಪತ್ರೆಯಿಂದ ಠಾಣೆಗೆ ವರ್ತಮಾನ ಹೋಗುತ್ತದೆ, ಠಾಣೆ ಪುಸ್ತಕ ತೆರೆಯುತ್ತದೆ. ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 279ನೆಯ ಕಲಮು ಅಜಾಗರೂಕ ಚಾಲನೆಗೆ. ಅದಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 338ನೆಯದು ತೀವ್ರ ಗಾಯಕ್ಕೆ. ಅದಕ್ಕೆ ಎರಡು ವರ್ಷದವರೆಗೆ. ಮುರಿದ ಮೂಳೆ ಎಷ್ಟೇ ಸಣ್ಣದಾದರೂ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ.

ಠಾಣೆಯಲ್ಲಿ ನನ್ನನ್ನು ಯಾರೂ ಗದರಿಸಲಿಲ್ಲ. ಜಾಮೀನು ಕೊಡಲೇಬೇಕಾದ ಅಪರಾಧವಾದ್ದರಿಂದ ಅಲ್ಲಿಯೇ ಬಿಟ್ಟು ಕಳುಹಿಸಿದರು. ಜೊತೆಗೆ ಬಂದಿದ್ದ ಇತಿಹಾಸದ ಅಧ್ಯಾಪಕರು ಜಾಮೀನಿಗೆ ರುಜು ಹಾಕುತ್ತ, ಇದುವರೆಗೆ ತಾವು ಪಾಠ ಹೇಳಿದ ಯಾವ ರಾಜನ ಸಂಧಿಪತ್ರದಲ್ಲಿಯೂ ಇಷ್ಟು ಸಲ ರುಜು ಬಿದ್ದಿಲ್ಲವೆಂದರು. ಹೊರಡುವಾಗ ಹೆಡ್ ಕಾನ್‌ಸ್ಟೇಬಲ್ಲರು ಹಿತವಚನ ಹೇಳಿದರು: “ಕೋರ್ಟಿಗೆ ಕರೆದ ದಿವಸ ಹೋಗಿ ಒಪ್ಕೊಂಡ್ಬಿಡಿ. ಸಾವಿರವೋ ಎರಡು ಸಾವಿರವೋ ದಂಡ. ಕಟ್ಟಿ, ಕಾಫಿ ಕುಡಿದು, ಮನೆಗೆ ಹೋಗೋದು. ವಕೀಲರಿಗೆ ಯಾಕೆ ಸುರೀತೀರಿ?”

ಈ ಮಾತು ನನಗೆ ಅಮೃತದಂತೆ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮಂಥವರಿಗೆ ಸೆರೆಮನೆಗಿಂತ ಹೆಚ್ಚಿನ ಭಯ ನ್ಯಾಯಾಲಯದ ವರಾಂಡದ್ದು. ಅಲ್ಲಿ ನಿಂತಿರುವಾಗ ಪರಿಚಯದವರು ಯಾರಾದರೂ ಕಂಡು, “ಏನು ಸಾರ್, ಇಲ್ಲಿ?” ಎಂದರೆ ಏನೆಂದು ಹೇಳುವುದು? ನನ್ನಾಕೆಯ ಸೋದರಮಾವ, ಕಾಲೇಜಿನ ಗುಮಾಸ್ತರು, ಎದುರುಮನೆಯ ನಿವೃತ್ತ ಇಂಜಿನಿಯರರು, ಎಲ್ಲರೂ ಒಂದೇ ಮಾತು ಹೇಳಿದರು: ಚಿಕ್ಕ ಕೇಸು, ಒಪ್ಪಿಕೊಂಡು ಕೈ ತೊಳೆದುಕೊಳ್ಳಿ. ಈ ಮೂವರಲ್ಲಿ ಯಾರೂ ಯಾವತ್ತೂ ಯಾವುದನ್ನೂ ಒಪ್ಪಿಕೊಂಡವರಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಕೆಲವು ತಿಂಗಳ ಮೇಲೆ ಸಮನ್ಸು ಬಂತು. ಸುಮ್ಮನೆ ಒಂದು ಮಾತು ಕೇಳಿಕೊಂಡು ಬರೋಣವೆಂದು ಒಬ್ಬ ವಕೀಲರ ಬಳಿಗೆ ಹೋದೆ. ವಕೀಲರು ಎಂದೆನಲ್ಲ, ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದವಳು. ಹಳಗನ್ನಡದ ಪತ್ರಿಕೆಯಲ್ಲಿ ಒಮ್ಮೆ ನಾನೇ ಅವಳನ್ನು ನಪಾಸು ಮಾಡಿದ್ದೆ. ಅದನ್ನು ಅವಳು ಮರೆತಿರಲಿ ಎಂದು ಬೇಡಿಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಮರೆತಿರಲಿಲ್ಲ. “ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಕೈಯಲ್ಲಿ ಇಪ್ಪತ್ತೆಂಟು ಅಂಕ ತಗೊಂಡೋಳು ನಾನು” ಎಂದು ನಗುತ್ತ ಕುರ್ಚಿ ಎಳೆದಳು. ಕಪ್ಪು ಕೋಟು ಹಾಕಿಕೊಂಡವಳನ್ನು ‘ನೀನು’ ಎನ್ನುವುದೋ ‘ನೀವು’ ಎನ್ನುವುದೋ ತಿಳಿಯದೆ, ಆ ದಿನವೆಲ್ಲ ನಾನು ಕ್ರಿಯಾಪದವೇ ಇಲ್ಲದ ವಾಕ್ಯಗಳಲ್ಲಿ ಮಾತಾಡಿದೆ.

ನ್ಯಾಯಾಲಯದಲ್ಲಿ ಆರೋಪಿಗೆ ದೋಷಾರೋಪಣ ಪಟ್ಟಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದು ಅವನ ಹಕ್ಕು. ಮೊದಲ ತಾರೀಖಿನಲ್ಲಿ ಹಾಗೆ ಸಿಕ್ಕಿದ ಕಾಗದಗಳನ್ನು ಇಬ್ಬರೂ ಕುಳಿತು ಓದಿದೆವು. ಕನ್ನಡದ ಮೇಷ್ಟರಾಗಿ ಒಂದು ಮಾತು ಹೇಳಲೇಬೇಕು. ಚಂಪೂಕಾವ್ಯದ ಗದ್ಯ ಸತ್ತುಹೋಯಿತೆಂದು ವಿದ್ವಾಂಸರು ಹೇಳುವುದುಂಟು. ಅದು ಸತ್ತಿಲ್ಲ, ಪೊಲೀಸ್ ಠಾಣೆಗಳಲ್ಲಿ ಚೆನ್ನಾಗಿ ಬದುಕಿಕೊಂಡಿದೆ. ಸದರಿ ಆರೋಪಿಯು ತನ್ನ ಬಾಬ್ತು ದ್ವಿಚಕ್ರ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಮಾನವ ಪ್ರಾಣಕ್ಕೆ ಅಪಾಯವಾಗುವ ರೀತಿಯಲ್ಲಿ ಚಾಲನೆ ಮಾಡಿಕೊಂಡು ಬಂದು, ಎಂದು ಹೊರಟ ವಾಕ್ಯ ಒಂದು ಪುಟವನ್ನು ದಾಟಿ ಹೋದರೂ ಪೂರ್ಣವಿರಾಮವನ್ನು ಕಂಡಿರಲಿಲ್ಲ. ನನ್ನ ಸ್ಕೂಟರು ಏರುದಾರಿಯಲ್ಲಿ ನಡೆದುಹೋಗುವವರಿಗೇ ದಾರಿ ಬಿಡುವಂಥದು. ಅದು ‘ಅತಿವೇಗ’ವಾಗಿ ಬಂದದ್ದನ್ನು ಓದಿ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅವಳು ನಗಲಿಲ್ಲ. ಪೆನ್ಸಿಲ್ ಹಿಡಿದು ಒಂದೊಂದು ಪದದ ಕೆಳಗೂ ಗೆರೆ ಎಳೆಯುತ್ತಿದ್ದಳು. ಮಹಜರಿನಲ್ಲಿ ಸ್ಕೂಟರು ಬಿದ್ದದ್ದು ರಸ್ತೆಯ ಎಡಗಡೆ ಎಂದಿದೆ, ಅಂದರೆ ನಾನು ನನ್ನ ಬದಿಯಲ್ಲಿಯೇ ಇದ್ದೆ. ನಕ್ಷೆಯಲ್ಲಿ ಓಣಿಯ ಬಾಯಿಯಲ್ಲಿ ಒಂದು ಗೂಡಂಗಡಿ ಇದೆ, ಅಂದರೆ ಒಳಗಿನಿಂದ ಬರುವವರಿಗೆ ರಸ್ತೆ ಕಾಣದು, ರಸ್ತೆಯವರಿಗೆ ಒಳಗಿನವರು ಕಾಣರು. ಅತಿವೇಗವೆಂದು ಹೇಳಿದ ಸಾಕ್ಷಿ ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದನೆಂದು ಎಲ್ಲಿಯೂ ಇಲ್ಲ. ಪಂಪನ ಪದ್ಯವನ್ನು ಹೀಗೆ ಪದ ಬಿಡಿಸಿ ಓದಬೇಕೆಂದು ನಾನು ವರ್ಷವೆಲ್ಲ ಬಡಿದುಕೊಂಡಾಗ ಈ ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳಲ್ಲ!

“ಇಷ್ಟೆಲ್ಲ ಯಾಕಮ್ಮ? ಒಪ್ಪಿಕೊಂಡುಬಿಡೋಣ ಅಂತಿದ್ದೆ” ಎಂದೆ.

“ಏನನ್ನ ಸರ್?”

“ತಪ್ಪು ನನ್ನದೇ ಇರಬಹುದು. ಮನಸ್ಸು ಎಲ್ಲೋ ಇತ್ತು.”

“ಇರಬಹುದು ಅನ್ನೋದಕ್ಕೆ ಶಿಕ್ಷೆ ಇಲ್ಲ ಸರ್. ಒಪ್ಕೊಂಡ್ರೆ ಅದು ದಂಡ ಕಟ್ಟಿದ ರಸೀದಿ ಅಲ್ಲ, ಅಪರಾಧಿ ಅಂತ ತೀರ್ಪು. ಇನ್ಮೇಲೆ ಯಾವ ಫಾರಂನಲ್ಲಿ ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ’ ಅಂತ ಕೇಳಿದ್ರೂ ಹೌದು ಅಂತ ಬರೀಬೇಕು. ಆ ಹಾಲಿನವರ ಕೈಗೆ ಪರಿಹಾರ ಬೇಕು ಅಂತ ನಿಮ್ಮ ಮನಸ್ಸಿದ್ರೆ ಅದು ಬೇರೆ ದಾರಿ. ವಿಮೆ ಇದೆ, ಅದಕ್ಕೆ ಬೇರೆ ನ್ಯಾಯಮಂಡಲಿ ಇದೆ. ಆ ಅರ್ಜಿ ಹಾಕೋದಕ್ಕೆ ಅವರಿಗೆ ಬೇಕಾದ್ರೆ ನೀವೇ ಸಹಾಯ ಮಾಡಿ. ಆದ್ರೆ ನಾಚಿಕೆಗೋಸ್ಕರ ಅಪರಾಧಿ ಆಗ್ಬೇಡಿ.”

ಕೊನೆಯ ಮಾತು ನನಗೆ ನೆಟ್ಟಿತು. ಸತ್ಯಸಂಧನೆಂಬ ಭಾವನೆಯಲ್ಲಿ ನಾನು ಒಪ್ಪಿಕೊಳ್ಳಲು ಹೊರಟಿದ್ದೆನಷ್ಟೆ. ಅದು ಸತ್ಯಕ್ಕಾಗಿಯಲ್ಲ, ಬೇಗ ಮನೆಗೆ ಹೋಗುವುದಕ್ಕಾಗಿ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿದುಹೋಗಿತ್ತು.

ಅಪರಾಧಗಳನ್ನು ಹಿರಿದು ಕಿರಿದು ಎಂದು ವಿಂಗಡಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು. ಇಂಗ್ಲಿಷರು ದೊಡ್ಡದನ್ನು ಫೆಲನಿ, ಚಿಕ್ಕದನ್ನು ಮಿಸ್‌ಡಿಮೀನರ್ ಎಂದು ಕರೆಯುತ್ತಿದ್ದರು. ತಮ್ಮ ನೆಲದಲ್ಲಿ ಆ ಭೇದವನ್ನು 1967ರ ಕಾಯಿದೆಯಿಂದ ತೆಗೆದುಹಾಕಿದರು. ಅಮೆರಿಕದವರು ಇಂದಿಗೂ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಆ ಹೆಸರುಗಳಿಲ್ಲ. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದದ್ದು, ಹಿಡಿಯಬಾರದ್ದು. ಜಾಮೀನು ಹಕ್ಕಾಗಿ ಸಿಗುವುದು, ನ್ಯಾಯಾಲಯದ ಮನಸ್ಸಿಗೆ ಬಿಟ್ಟದ್ದು. ಎರಡು ವರ್ಷದೊಳಗಿನ ಶಿಕ್ಷೆಯ ಸಮನ್ಸ್ ಪ್ರಕರಣ, ಅದಕ್ಕೂ ಮೇಲ್ಪಟ್ಟ ವಾರಂಟ್ ಪ್ರಕರಣ, ಹೀಗೆ ನಮ್ಮ ವಿಂಗಡಣೆ. ನನ್ನದು ಎಲ್ಲ ರೀತಿಯಿಂದಲೂ ಚಿಕ್ಕದು. ಆದರೆ ಕೇಸು ಚಿಕ್ಕದೋ ದೊಡ್ಡದೋ ಎಂಬುದು ಅದರಲ್ಲಿ ಸಿಕ್ಕಿಕೊಂಡವನು ಯಾರು ಎಂಬುದರ ಮೇಲೆ ಹೋಗುತ್ತದೆ. ಅದನ್ನು ಎರಡನೆಯ ತಾರೀಖಿನ ದಿನ ಕಂಡೆ.

ಆ ದಿನ ನಾನು ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಗೋಡೆಯ ಬದಿಯ ಬೆಂಚಿನಲ್ಲಿ, ಕರವಸ್ತ್ರದಿಂದ ಆಗಾಗ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡು, ಕುಳಿತಿದ್ದೆ. ಒಬ್ಬ ಪೊಲೀಸಿನವನು ಒಬ್ಬ ಹುಡುಗನನ್ನು ಕೈಹಿಡಿದು ಕರೆತಂದು ನಿಲ್ಲಿಸಿದ. ಹತ್ತೊಂಬತ್ತು ವರ್ಷವಿರಬಹುದು. ನಮ್ಮ ಕಾಲೇಜಿನ ಹುಡುಗರಂತೆಯೇ ಇದ್ದ. ತಲೆಯ ಕೂದಲನ್ನು ಹಾಗೆಯೇ ಕತ್ತರಿಸಿಕೊಂಡಿದ್ದ. ಬಸ್ ನಿಲ್ದಾಣದಲ್ಲಿ ಯಾರದೋ ಮೊಬೈಲ್ ಫೋನು ಕದ್ದನೆಂದು ಆರೋಪ. ಫೋನಿನ ಬೆಲೆ ನಾಲ್ಕು ಸಾವಿರ ರೂಪಾಯಿಯೆಂದು ಬರೆದಿದ್ದರು. ಕಳವು 379ನೆಯ ಕಲಮು. ಮೂರು ವರ್ಷದವರೆಗೆ ಶಿಕ್ಷೆ. ಜಾಮೀನು ಹಕ್ಕಾಗಿ ಸಿಗುವಂಥದಲ್ಲ. ಅವನು ಒಳಗೆ ಹೋಗಿ ಇಪ್ಪತ್ತಮೂರು ದಿನವಾಗಿತ್ತು.

“ವಕೀಲರನ್ನು ಇಟ್ಟಿದ್ದೀಯಾ?” ಎಂದು ನ್ಯಾಯಾಧೀಶರು ಕೇಳಿದರು.

“ಇಲ್ಲ ಸ್ವಾಮಿ. ಒಪ್ಕಂಡ್ಬುಡ್ತೀನಿ.”

“ಏನು ಒಪ್ಪಿಕೊಳ್ತೀಯ?”

“ಅದೇನ್ ಬರೆದವ್ರೋ ಅದ ಸ್ವಾಮಿ.”

ಸಭೆಯಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಈಗ ಒಪ್ಪಿಕೊಂಡರೆ ಏನಾಗುತ್ತದೆಂದು ನಿನಗೆ ಗೊತ್ತೇ ಎಂದು ಕೇಳಿದರು. ಹುಡುಗ ಉತ್ತರ ಹೇಳಲಿಲ್ಲ. ಉಚಿತ ಕಾನೂನು ನೆರವಿನ ಪಟ್ಟಿಯಲ್ಲಿರುವ ವಕೀಲರು ಯಾರಿದ್ದಾರೆ ಎಂದು ಅವರು ಕೇಳಿದಾಗ ಎದ್ದು ನಿಂತವಳು ನಮ್ಮ ವಕೀಲೆಯೇ. ಹುಡುಗನನ್ನು ಬಾಗಿಲ ಬಳಿಗೆ ಕರೆದುಕೊಂಡು ಹೋಗಿ ಮಾತಾಡಿಸಿದಳು. ನನ್ನ ಬೆಂಚು ಬಾಗಿಲ ಪಕ್ಕದಲ್ಲಿಯೇ ಇದ್ದುದರಿಂದ ಅವನು ಹೇಳಿದ್ದು ನನಗೂ ಕೇಳಿಸಿತು. “ಅವ್ವ ಒಬ್ಳೇ ಅವ್ಳೆ ಮೇಡಂ. ಕೂಲಿಗೆ ಹೋಗಕ್ಕೂ ಆಗಕಿಲ್ಲ ಅವಳ್ಗೆ. ಒಪ್ಕಂಡ್ರೆ ಇವತ್ತೇ ಬುಟ್ಬುಡ್ತಾರೆ ಅಂತ ಒಳಗಿರೋರು ಯೋಳಿದ್ರು. ಒಳಗಿದ್ದ ದಿನ ಲೆಕ್ಕಕ್ಕೆ ಬತ್ತದಂತೆ.”

ಕದ್ದಿದ್ದನೋ ಇಲ್ಲವೋ, ಆ ಮಾತು ಅವನ ಬಾಯಿಂದ ಬರಲೇ ಇಲ್ಲ. ಅವಳು ಕೇಳಲೂ ಇಲ್ಲ. ಜಾಮೀನಿಗೆ ಅರ್ಜಿ ಹಾಕುತ್ತೇನೆ, ಒಂದು ವಾರ ತಾಳು ಎಂದಳು. ಅವನು ತಲೆಯಾಡಿಸಿದ; ಒಪ್ಪಿ ಆಡಿಸಿದ್ದಲ್ಲ, ಬೇರೆ ತೋಚದೆ ಆಡಿಸಿದ್ದು.

ಆಮೇಲೆ ನನ್ನ ಸರದಿ ಬಂತು. ಆಪಾದನೆಯ ಸಾರವನ್ನು ಓದಿ, ಒಪ್ಪುತ್ತೀರಾ ಎಂದು ಕೇಳಿದರು. “ಇಲ್ಲ ಸ್ವಾಮಿ” ಎಂದೆ. ಎರಡು ಪದ. ಇಪ್ಪತ್ತು ವರ್ಷ ಪಾಠ ಹೇಳಿದರೂ ಯಾವ ಎರಡು ಪದವನ್ನೂ ಅಷ್ಟು ನಡುಗುತ್ತ ಹೇಳಿರಲಾರೆ. ಅವನು ಹಸಿವಿಗೆ ಒಪ್ಪಿಕೊಳ್ಳಲು ಬಂದಿದ್ದ, ನಾನು ನಾಚಿಕೆಗೆ. ನನಗೆ ಬೇಡವೆಂದು ಹೇಳುವವರು ಒಬ್ಬರು ಮೊದಲೇ ಇದ್ದರು. ಅವರಿಗೆ ಕೊಡಲು ನನ್ನ ಕಿಸೆಯಲ್ಲಿ ಫೀಸೂ ಇತ್ತು.

ಹತ್ತು ದಿನ ಕಳೆದು ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಫೋನು ಬಂತು.

“ಸರ್, ಆ ಹುಡುಗನಿಗೆ ಜಾಮೀನು ಆಯ್ತು. ಇಪ್ಪತ್ತೈದು ಸಾವಿರಕ್ಕೆ ಒಬ್ಬರು ಜಾಮೀನುದಾರರು ಬೇಕು, ಪಹಣಿ ಇರೋರು. ಅವನ ಕಡೆ ಯಾರೂ ಇಲ್ಲ. ನಿಮಗೆ ಪರಿಚಯದವರು ಯಾರಾದ್ರೂ ಇದ್ದರೆ...”

ನಮ್ಮ ಇತಿಹಾಸದ ಅಧ್ಯಾಪಕರಿಗೆ ಊರಿನಲ್ಲಿ ಒಂದೂವರೆ ಎಕರೆ ಗದ್ದೆ ಇತ್ತು. ನ್ಯಾಯಾಲಯದಲ್ಲಿಯೂ ನನಗೆ ಜಾಮೀನು ನಿಂತವರು ಅವರೇ. ಕೇಳಿದ್ದರೆ ಅವರು ಗೊಣಗುತ್ತಲಾದರೂ ಬರುತ್ತಿದ್ದರು. ಆದರೆ ಗುರುತಿಲ್ಲದ ಹುಡುಗ, ಕಳವಿನ ಕೇಸು, ತಪ್ಪಿಸಿಕೊಂಡು ಹೋದರೆ ಇಪ್ಪತ್ತೈದು ಸಾವಿರ, ಮೊದಲೇ ನಾನೊಬ್ಬ ಆರೋಪಿ. ಇಷ್ಟನ್ನೂ ನಾನು ಒಂದು ತುತ್ತು ನುಂಗುವಷ್ಟರಲ್ಲಿ ಯೋಚಿಸಿದೆ.

“ನೋಡೋಣಮ್ಮ” ಎಂದೆ.

ಕನ್ನಡದಲ್ಲಿ ‘ಇಲ್ಲ’ ಎನ್ನುವುದಕ್ಕೆ ಇರುವ ಪದಗಳಲ್ಲೆಲ್ಲ ಮರ್ಯಾದಸ್ಥವಾದದ್ದು ಇದು. ನಿಘಂಟು ಇದಕ್ಕೆ ಕಣ್ಣಿನ ಸಂಬಂಧವಿದೆಯೆನ್ನುತ್ತದೆ. ಹೇಳಿದವನು ನೋಡುವುದಿಲ್ಲ, ಕೇಳಿದವನು ಕಾಯುವುದಿಲ್ಲ. ಅವಳಿಗೂ ಅರ್ಥವಾಯಿತು. “ಆಯ್ತು ಸರ್, ಊಟ ಮಾಡಿ” ಎಂದು ಫೋನಿಟ್ಟಳು.

ಮುಂದಿನದು ಅವಳೇ ಹೇಳಿದ್ದು. ಜಾಮೀನು ಆಗಿಯೂ ಹುಡುಗ ಒಳಗೇ ಉಳಿದ. ಮುಂದೊಂದು ತಾರೀಖಿನಲ್ಲಿ ಅವಳು ಬೇರೆ ನ್ಯಾಯಾಲಯದಲ್ಲಿ ಸಾಕ್ಷಿಯ ಪಾಟೀಸವಾಲಿನಲ್ಲಿದ್ದಾಗ ಅವನ ಪ್ರಕರಣ ಕೂಗಿದರು. ಅವನು ಒಪ್ಪಿಕೊಂಡ. ಒಳಗಿದ್ದಷ್ಟು ದಿನವೇ ಶಿಕ್ಷೆಯೆಂದು ಆಯಿತು, ಸಂಜೆಗೆ ಬಿಟ್ಟರು. ಅವನ ಲೆಕ್ಕ ತಪ್ಪಾಗಿರಲಿಲ್ಲ ಎಂದೇ ಹೇಳಬೇಕು. “ಇಪ್ಪತ್ತೊಂದು ತುಂಬದೇ ಇರೋರಿಗೆ 1958ರ ಪ್ರೊಬೇಶನ್ ಕಾಯಿದೆ ಇದೆ ಸರ್. ಅದರ ಕೆಳಗೆ ಬಿಡಿಸಿದ್ರೆ ಆ ಶಿಕ್ಷೆಯಿಂದ ಬರೋ ಅನರ್ಹತೆ ಅವನಿಗೆ ತಟ್ಟುತ್ತಿರಲಿಲ್ಲ. ಕೇಳೋಕೆ ಒಬ್ಬರು ಅಲ್ಲಿ ನಿಂತಿರಬೇಕಿತ್ತು. ನಾನು ಇರಲಿಲ್ಲ.” ಹುಡುಗ ಡ್ರೈವಿಂಗ್ ಕಲಿತಿದ್ದನಂತೆ. ಸಾರಿಗೆ ಸಂಸ್ಥೆಗೆ ಅರ್ಜಿ ಹಾಕಬೇಕೆಂದಿದ್ದನಂತೆ. ನಾನು ನೋಡೋಣ ಎಂದದ್ದನ್ನು ಅವಳು ಎತ್ತಲಿಲ್ಲ. ತಾನು ಇರಲಿಲ್ಲವೆಂಬುದನ್ನೇ ಎರಡು ಸಲ ಹೇಳಿದಳು.

ಆ ವರ್ಷದ ಬೇಸಗೆಯ ರಜೆಯಲ್ಲಿ ನಾನು ಕಾಲೇಜಿನ ಪುಸ್ತಕಾಲಯದಲ್ಲಿ ಕಾವ್ಯಮೀಮಾಂಸೆಯನ್ನು ಬಿಟ್ಟು ಕಾನೂನಿನ ಪುಸ್ತಕಗಳನ್ನು ಓದಿದೆ. ಗ್ರಂಥಪಾಲಕರು ನನಗೆ ಕೇಸು ಬಲವಾಗಿದೆಯೆಂದು ತಿಳಿದು ಮರುಕದಿಂದ ನೋಡುತ್ತಿದ್ದರು. ಅಲ್ಲಿ ಗಿಡಿಯನ್ ಎಂಬ ಬಡವನ ಕಥೆ ಸಿಕ್ಕಿತು. ಅಮೆರಿಕದ ಫ್ಲಾರಿಡಾದಲ್ಲಿ 1961ರಲ್ಲಿ ಒಂದು ಬಿಲಿಯರ್ಡ್ಸ್ ಅಂಗಡಿಯ ಬಾಗಿಲು ಮುರಿದು ಒಳನುಗ್ಗಿದನೆಂದು ಅವನ ಮೇಲೆ ಆರೋಪ. ಆರೋಪದ ಸೊಗಸು ನೋಡಿ: ಒಳಗೆ ಮಾಡಹೊರಟದ್ದು ಚಿಕ್ಕ ಅಪರಾಧ, ಆದರೆ ಅದಕ್ಕಾಗಿ ಬಾಗಿಲು ಮುರಿದದ್ದು ದೊಡ್ಡ ಅಪರಾಧ. ನನಗೆ ವಕೀಲರನ್ನು ಕೊಡಿ ಎಂದು ಅವನು ಕೇಳಿದ. ಮರಣದಂಡನೆಯ ಪ್ರಕರಣಕ್ಕೆ ಮಾತ್ರ ಕೊಡುವುದು ಇಲ್ಲಿಯ ಕಾನೂನು ಎಂದರು. ತಾನೇ ವಾದಿಸಿದ, ಸೋತ, ಐದು ವರ್ಷ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಒಂದು ಅರ್ಜಿ ಬರೆದು ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಿದ. 1963ರ ಮಾರ್ಚಿಯಲ್ಲಿ ಆ ನ್ಯಾಯಾಲಯ, ಬಡ ಆರೋಪಿಗೆ ವಕೀಲರನ್ನು ಕೊಡದೆ ವಿಚಾರಣೆ ನಡೆಸಿದ್ದು ಸಲ್ಲದು ಎಂದಿತು. ಅದೇ ಆಗಸ್ಟಿನಲ್ಲಿ ಮತ್ತೆ ವಿಚಾರಣೆಯಾಯಿತು. ಈ ಸಲ ವಕೀಲರಿದ್ದರು, ಮುಖ್ಯ ಸಾಕ್ಷಿಯನ್ನು ಅಡಿಗಡಿಗೆ ಪ್ರಶ್ನಿಸಿದರು. ಗಿಡಿಯನ್ ನಿರ್ದೋಷಿಯೆಂದು ಹೊರಬಂದ. ಮನುಷ್ಯ ಅವನೇ, ಅಂಗಡಿ ಅದೇ, ಬಾಗಿಲೂ ಅದೇ. ಸೆರೆಗೆ ಕಳುಹಿಸುವಂಥ ಚಿಕ್ಕ ಕೇಸುಗಳಿಗೂ ಈ ಹಕ್ಕನ್ನು ಅಲ್ಲಿ ವಿಸ್ತರಿಸಿದ್ದು 1972ರಲ್ಲಿ.

ನಾವೇನೂ ಹಿಂದೆ ಬಿದ್ದವರಲ್ಲ. ತನಗೆ ಬೇಕಾದ ವಕೀಲರಿಂದ ರಕ್ಷಣೆ ಪಡೆಯುವ ಹಕ್ಕು ನಮ್ಮ ಸಂವಿಧಾನದ 22ನೆಯ ವಿಧಿಯಲ್ಲಿಯೇ ಇದೆ. ಬಡವನಿಗೆ ಉಚಿತ ನೆರವು ಸಿಗಬೇಕೆಂಬ 39-ಎ ವಿಧಿ 1976ರಲ್ಲಿ ಬಂತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆತವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದದ್ದು 1979ರಲ್ಲಿ. 1986ರಲ್ಲಿ ಅರುಣಾಚಲದ ಸುಕ್ ದಾಸ್ ಎಂಬಾತನ ಪ್ರಕರಣದಲ್ಲಿ, ಅವನು ವಕೀಲರನ್ನು ಕೇಳಲಿಲ್ಲ ಎನ್ನುವುದು ನೆಪವಾಗದು, ಆ ಹಕ್ಕುಂಟೆಂದು ನ್ಯಾಯಾಧೀಶರೇ ಅವನಿಗೆ ಹೇಳಬೇಕಿತ್ತು ಎಂದು ಶಿಕ್ಷೆಯನ್ನೇ ತೆಗೆದುಹಾಕಿದರು. 1987ರ ಕಾನೂನು ಸೇವೆಗಳ ಕಾಯಿದೆ 1995ರಿಂದ ಜಾರಿಯಲ್ಲಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ, ಎಲ್ಲ ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟರಿಗೂ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಕೊಡಬೇಕು. ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. 15100 ಎಂಬ ಫೋನ್ ನಂಬರೂ ಇದೆ. ಎಲ್ಲವೂ ಇದೆ. ಆದರೆ ವಕೀಲರನ್ನು ಕೊಡುವ ಕಾಯಿದೆ ಪಹಣಿಯನ್ನು ಕೊಡುವುದಿಲ್ಲ.

ನನ್ನ ಕಥೆಯನ್ನು ಮುಗಿಸಿಬಿಡುತ್ತೇನೆ. ಎರಡು ವರ್ಷ ಎಳೆಯಿತು. ಹಾಲಿನವನ ಕೈ ಕೂಡಿತು. ವಿಮೆಯ ಕಡೆಯಿಂದ ಅವನಿಗೆ ಪರಿಹಾರ ಬಂತು. ನಮ್ಮ ಮನೆಗೆ ಅವನೇ ಹಾಲು ಹಾಕತೊಡಗಿದ. ಹಾಲಿನಲ್ಲಿ ನೀರಿನ ಪಾಲು ನಮ್ಮ ಸ್ನೇಹದಿಂದ ಕಡಿಮೆಯಾಗಲಿಲ್ಲ. ಸಾಕ್ಷಿಕಟ್ಟೆಯಲ್ಲಿ ಅವನು, ಮಬ್ಬುಗತ್ತಲಾಗಿತ್ತು, ಮಳೆ ಬರುತ್ತಿತ್ತು, ಸ್ಕೂಟರು ಎಷ್ಟು ವೇಗದಲ್ಲಿತ್ತೋ ನೋಡಲಿಲ್ಲ ಎಂದ. ಅತಿವೇಗವೆಂದಿದ್ದ ಸಾಕ್ಷಿ ತಾನು ಸದ್ದು ಕೇಳಿ ತಿರುಗಿ ನೋಡಿದವನೆಂದು ಪಾಟೀಸವಾಲಿನಲ್ಲಿ ಒಪ್ಪಿದ. ಬರಿದೆ ‘ಅತಿವೇಗ’ ಎಂದ ಮಾತ್ರಕ್ಕೆ ಅಜಾಗರೂಕತೆ ಸಿದ್ಧವಾಗದೆಂದು ಸುಪ್ರೀಂ ಕೋರ್ಟು ಕರ್ನಾಟಕದ್ದೇ ಒಂದು ಲಾರಿಯ ಪ್ರಕರಣದಲ್ಲಿ 1998ರಲ್ಲಿ ಹೇಳಿತ್ತು. ಅದನ್ನು ಅವಳು ಓದಿ ಹೇಳಿದಳು. 2018ರಲ್ಲಿ ನನ್ನನ್ನು ಬಿಡುಗಡೆ ಮಾಡಿದರು. ಪಂಪನ ವಿಷಯ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ! ಈಗಲೂ ಆ ಓಣಿಯ ಬಳಿ ಸ್ಕೂಟರನ್ನು ತಳ್ಳಿಕೊಂಡೇ ಹೋಗುತ್ತೇನೆ.

2024ರ ಜುಲೈ 1ರಿಂದ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನನ್ನ 279 ಈಗ 281 ಆಗಿದೆ. ಐದು ಸಾವಿರ ರೂಪಾಯಿಗೆ ಕಡಿಮೆ ಬೆಲೆಯ ವಸ್ತುವನ್ನು ಕದ್ದು, ಮೊದಲ ಸಲ ಅಪರಾಧಿಯೆನಿಸಿ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದವನಿಗೆ ಸೆರೆಯಲ್ಲ, ಸಮುದಾಯ ಸೇವೆ ಎಂದಿದೆ. ಆ ಫೋನು ನಾಲ್ಕು ಸಾವಿರದ್ದು. ಹುಡುಗನಿಗೆ ಈಗ ಇಪ್ಪತ್ತೆಂಟಾಗಿರಬೇಕು. ಬಸ್ಸು ಹತ್ತಿದಾಗಲೆಲ್ಲ ನಾನು ಚಾಲಕನ ಮುಖವನ್ನು ನೋಡುತ್ತೇನೆ; ಅವನ ಮುಖ ನನಗೆ ಚೆನ್ನಾಗಿ ನೆನಪಿದೆಯೆಂದೂ ಅಲ್ಲ.

ನಮ್ಮ ವಕೀಲೆ ಈಗ ಖಾಸಗಿ ಕೇಸುಗಳನ್ನು ಬಿಟ್ಟು, 2022ರ ಯೋಜನೆಯಲ್ಲಿ ತೆರೆದ ಕಾನೂನು ನೆರವಿನ ರಕ್ಷಣಾ ವಕೀಲರ ಕಚೇರಿಯಲ್ಲಿ ಪೂರ್ತಿ ಸಮಯದ ಕೆಲಸಕ್ಕೆ ಸೇರಿದ್ದಾಳೆ. ಎಂದರೆ ನಾನು ಮತ್ತೆ ಯಾರಿಗಾದರೂ ಡಿಕ್ಕಿ ಹೊಡೆದರೆ ಫೀಸು ಕೊಟ್ಟು ಅವಳನ್ನು ಕರೆಯುವಂತಿಲ್ಲ. ಈ ಸುದ್ದಿ ತಿಳಿದ ಮೇಲೆ ಒಂದು ಭಾನುವಾರ ನಾನು ಊರಿಗೆ ಹೋದೆ. ನಮ್ಮ ತಂದೆಯವರ ಜಮೀನು ಅಣ್ಣನ ಹೆಸರಿನಲ್ಲಿಯೇ ಇತ್ತು. ನನ್ನ ಹೆಸರಿಗೆ ಸ್ವಲ್ಪ ಖಾತೆ ಮಾಡಿಕೊಡು ಎಂದಾಗ ಅಣ್ಣ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಏನಪ್ಪಾ, ಇಷ್ಟು ವರ್ಷದ ಮೇಲೆ ಪಾಲು ಬೇಕಾಯ್ತೇ?” ಎಂದ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಬೆಳೆ ನಿನ್ನದೇ, ನೆಲ ನಿನ್ನದೇ, ನನಗೆ ಕಾಗದ ಮಾತ್ರ ಸಾಕು ಎಂದೆ. ಕಾಗದ ಏತಕ್ಕೆಂದು ಹೇಳಿದ ಮೇಲೆ ಅವನಿಗೆ ನನ್ನ ಬುದ್ಧಿಯ ವಿಷಯದಲ್ಲಿ ಇದ್ದ ಸಂದೇಹ ದೃಢವಾಯಿತು. ಆದರೂ ಇಪ್ಪತ್ತು ಗುಂಟೆ ಮಾಡಿಕೊಟ್ಟ. ಅದರಲ್ಲಿ ಅರ್ಧ ಕಲ್ಲು.

ಅವಳು ಇದುವರೆಗೆ ಎರಡು ಸಲ ಫೋನು ಮಾಡಿದ್ದಾಳೆ. ನಿನ್ನೆ ರಾತ್ರಿ ಮಾಡಿದ್ದು ಮೂರನೆಯದು. ಒಬ್ಬ ಗಾರೆಕೆಲಸದವನು, ಹೊಡೆದಾಟದ ಕೇಸು, ಹೆಂಡತಿ ಬಾಣಂತಿ. ಭಾವಚಿತ್ರ ಎರಡು, ಆಧಾರ್ ಪ್ರತಿ ಒಂದು. ಪಹಣಿ ಮಾತ್ರ ಹಳೆಯದಾಗಬಾರದಂತೆ, ಹೊಸ ಪ್ರತಿಯೇ ಬೇಕಂತೆ. ಬೆಳಗ್ಗೆ ಮೊದಲನೆಯ ಪೀರಿಯಡ್ಡನ್ನು ಇತಿಹಾಸದವರಿಗೆ ಒಪ್ಪಿಸಿ ನಾಡಕಚೇರಿಗೆ ಹೋಗಿ ಬರಬೇಕು.